ಎಂಟನೇ ಮೆಟ್ಟಿಲ ಕೂಗು

'ಎಂಟನೇ ಮೆಟ್ಟಿಲು' ಸಿನಿಮಾದ ಒಂಬತ್ತನೇ ಭಾಗ ಬಿಡುಗಡೆಯಾಯಿತು. ಮೆಟ್ಟಿಲು ಮುಗಿದರೂ ನಿರ್ಮಾಪಕರು ಹತ್ತುವುದನ್ನು ಬಿಟ್ಟಿರಲಿಲ್ಲ. ಮೊದಲ ದಿನ ಮಧ್ಯಾಹ್ನದ ಆಟಕ್ಕೆ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ನಾನೊಂದು ಕಿತಾಪತಿ ಮಾಡಿಟ್ಟಿದ್ದೆ.

ಪ್ರತಿ ಭಾಗದಲ್ಲೂ ದೆವ್ವ ಎಂಟನೇ ಮೆಟ್ಟಿಲ ಮೇಲೆ ನಿಂತು ಒಂದೇ ಒಂದು ಸಲ ಕಿರುಚುತ್ತದೆ. ನಟಿಯರು ಎಷ್ಟೋ ಜನ ಬಂದುಹೋದರು, ಆ ಕೂಗು ಮಾತ್ರ ಇಪ್ಪತ್ತೆರಡು ವರ್ಷದಿಂದ ನಮ್ಮ ದೊಡ್ಡಮ್ಮನದೇ. ಡಬ್ಬಿಂಗ್ ಕೋಣೆಯಲ್ಲಿ ಚಪ್ಪಲಿ ಬಿಟ್ಟು, ಕನ್ನಡಕ ತೆಗೆದಿಟ್ಟು, ಗೋಡೆಗೆ ಎರಡೂ ಅಂಗೈ ಒತ್ತಿ ನಿಂತು ಒಂದೇ ಏಟಿಗೆ ಮುಗಿಸುತ್ತಿದ್ದಳು. ಆಮೇಲೆ ಏನೂ ಆಗದವಳಂತೆ ಹೆಣಿಗೆ ಹಿಡಿದು ಕೂರುತ್ತಿದ್ದಳು. ತನ್ನ ಸಿನಿಮಾ ನೋಡಿ ಒಮ್ಮೆಯೂ ಹೆದರಿದವಳಲ್ಲ. "ಅಡುಗೆ ಮಾಡಿದೋಳಿಗೆ ಊಟ ರುಚಿಸಲ್ಲ ಕಣೇ" ಎನ್ನುತ್ತಿದ್ದಳು.

ಈ ಸಲ ಆಗಲಿಲ್ಲ. ಅವಳ ಗಂಟಲಿನ ಆಪರೇಷನ್ ಆಗಿ ಐದು ತಿಂಗಳಾಗಿತ್ತಷ್ಟೇ. ಆ ಡಬ್ಬಿಂಗ್ ಕೋಣೆಯಲ್ಲಿ ಧ್ವನಿಮುದ್ರಣ ಮಾಡುವವಳು ನಾನೇ. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆಂದಿತು. "ಬಿಡಿ ಮೇಡಂ, ಮೂರನೇ ಭಾಗದ ಕೂಗನ್ನೇ ಅಂಟಿಸ್ತೀವಿ" ಎಂದು ನಿರ್ದೇಶಕ ಫೋನ್ ಹಿಡಿದು ಹೊರಗೆ ಹೋದ. ದೊಡ್ಡಮ್ಮ ಗೋಡೆಯಿಂದ ಕೈ ತೆಗೆಯಲಿಲ್ಲ. ನಾಲ್ಕನೇ ಸಲ ಬಾಯಿ ತೆರೆದಳು. ದನಿಯೇ ಹೊರಡಲಿಲ್ಲ. ಬರೀ ಉಸಿರು ಒಳಕ್ಕೆ, ಒಳಕ್ಕೆ, ಇನ್ನೂ ಒಳಕ್ಕೆ ಹೋಯಿತು. ಹೆಡ್‌ಫೋನಿನಲ್ಲಿ ಅದನ್ನು ಕೇಳಿ ನನ್ನ ಮೈ ಜುಮ್ಮೆಂದಿತು.

"ಮುಗೀತು ಕಣೇ ನನ್ ಕಥೆ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಬಿಡುಗಡೆಗೆ ಮುಂಚೆ ಧ್ವನಿಯನ್ನೆಲ್ಲ ಕೊನೆಯ ಸಲ ಕೂತು ಕೇಳುವ ವ್ಯವಧಾನ ನಿರ್ದೇಶಕನಿಗಿರಲಿಲ್ಲ. ನಾನು ಹಳೆಯ ಕೂಗು ಕಿತ್ತುಹಾಕಿ ಆ ಉಸಿರನ್ನು ಕೂರಿಸಿದೆ. ಯಾರಿಗೂ ಹೇಳಲಿಲ್ಲ, ದೊಡ್ಡಮ್ಮನಿಗೂ.

ಸಿನಿಮಾ ಹೇಗಿತ್ತು ಅಂತ ಮಾತ್ರ ಕೇಳಬೇಡಿ. ದೆವ್ವಕ್ಕೊಂದು ಪ್ರೇಮಕಥೆ, ದೆವ್ವದ ಅಣ್ಣನಿಗೊಂದು ಹಾಡು! ದೆವ್ವ ಬೆವರುತ್ತಾ ಕಪಾಟಿನಿಂದ ಹೊರಬಂದಾಗ ಮುಂದಿನ ಸಾಲಿನವನೊಬ್ಬ, "ಯಾರಾದ್ರೂ ಅಕ್ಕಂಗೆ ಫ್ಯಾನ್ ಹಾಕ್ರಪ್ಪಾ" ಎಂದ. ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು.

ದೊಡ್ಡಮ್ಮನ ಮುಖ ಸಪ್ಪಗಾಯಿತು. "ನನ್ ಕೂಗಿಗೂ ನಗ್ತಾರೇನೇ?" ಎಂದಳು. "ಸದ್ಯ, ಹಳೇದು ಹಾಕಿದಾರೆ. ಅದಕ್ಕೂ ನಕ್ರೆ ನಾನು ಇನ್ಮೇಲೆ ಈ ಕಡೆ ತಲೆ ಹಾಕಲ್ಲ."

ನಗುವ ಜನರ ಮುಂದೆ ಅವಳ ಸೋತ ಗಂಟಲನ್ನು ನಾನೇ ತಂದಿಟ್ಟಿದ್ದೆನಲ್ಲ!

ದೆವ್ವ ಎಂಟನೇ ಮೆಟ್ಟಿಲು ತಲುಪಿತು. ಮುಂದಿನ ಸಾಲಿನವ ಆಗಲೇ ಕಿವಿ ಮುಚ್ಚಿಕೊಂಡು ನಾಟಕ ಶುರು ಮಾಡಿದ್ದ. ದೆವ್ವ ಬಾಯಿ ತೆರೆಯಿತು.

ಉಸಿರು ಒಳಕ್ಕೆ ಹೋಯಿತು. ಅದರ ಜೊತೆ ನಗುವೂ ಹೋಯಿತು. ಮುನ್ನೂರು ಜನ ಕಲ್ಲಾಗಿ ಕೂತರು. ಅದು ಇನ್ನೂ ಒಳಕ್ಕೆ ಹೋಗುತ್ತಲೇ ಇತ್ತು, ನಮ್ಮ ಎದೆಯ ಗಾಳಿಯನ್ನೂ ಸೆಳೆದುಕೊಂಡು. ಮುಂದಿನ ಸಾಲಿನವನ ಕೈಗಳು ತಾವಾಗಿ ಕೆಳಗಿಳಿದವು. ಕೋಣೆಯಲ್ಲಿ ನಾನು ಕೇಳಿದ್ದು ಇದರ ಕಾಲುಭಾಗವೂ ಅಲ್ಲ. ನಾನೇ ಕೂರಿಸಿದ್ದಾದರೂ ಬೆಕ್ಕಸ ಬೆರಗಾದೆ. ಇಷ್ಟು ವರ್ಷ ಕಿರುಚಿದವಳ ಒಳಗೆ ಇಷ್ಟು ದೊಡ್ಡ ಮೌನವಿತ್ತೇ?

ದೊಡ್ಡಮ್ಮನ ಉಗುರು ನನ್ನ ಮಣಿಕಟ್ಟಿಗೆ ನಾಟಿತು.

"ಯಾರೇ ಅದು?" ಎಂದು ಪಿಸುಗುಟ್ಟಿದಳು.

"ನೀನೇ ದೊಡ್ಡಮ್ಮ. ನಾಲ್ಕನೇ ಸಲದ್ದು."

ತೆರೆಯ ಮೇಲೆ ಮತ್ತೆ ದೆವ್ವದ ಅಣ್ಣನ ಹಾಡು ಶುರುವಾಯಿತು. ಈ ಸಲ ಯಾರೂ ನಗಲಿಲ್ಲ.

ಆಟ ಮುಗಿದು ದೀಪ ಹತ್ತಿತು. ಹೊರಗೆ ಇಳಿಯುವ ಮೆಟ್ಟಿಲ ಬಳಿ ದೊಡ್ಡಮ್ಮ ನಿಂತುಬಿಟ್ಟಳು.

"ನೀನ್ ಮುಂದೆ ಹೋಗೇ," ಎಂದಳು. "ನಂಗೆ ಭಯ ಆಗ್ತಿದೆ."

ತಿರುಗಿ ನೋಡಿದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು, ಅವಳು ನಗುತ್ತಿದ್ದಳು.