ಡಬ್ಬ ತುಂಬಿಸಿದ್ದು

“ಬಿಚ್ಚು ಮಡ್ಲ. ಬಿಚ್ಚಮ್ಮಿ, ಏನೇನ್ ತುಂಬ್ಕೊಂಡಿದ್ದೀಯೆ ಅಂತ ಎಲ್ಲಾರೂ ನೋಡ್ಲಿ.”

ಪಂಚಾಯ್ತಿ ಕಾರ್ಯದರ್ಶಿ ಮಹದೇವಸ್ವಾಮಿ ಕಚೇರಿಯ ಬಾಗಿಲಿಗೆ ಅಡ್ಡ ನಿಂತಿದ್ದ. ಮೆಟ್ಟಿಲ ಮೇಲೆ ಮಾದಮ್ಮ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಉಬ್ಬಿದ ಮಡಿಲು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಸೆರಗಿನ ಗಂಟು ಸಡಿಲಿಸಿದಳು. ಕಾಗದದ ಉಂಡೆಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿದವು. ಹರಿದ ನಮೂನೆಗಳು, ಮಸಿ ಹತ್ತಿದ ನಕಲುಗಳು, ಟೀ ಲೋಟ ಇಟ್ಟು ಉಂಗುರ ಬಿದ್ದ ಸುತ್ತೋಲೆ.

“ಕಳ್ ಮುಂಡೆ,” ಅಂದ ಮಹದೇವಸ್ವಾಮಿ.

“ನನ್ ಗಂಡ ಅವ್ನೆ ಬುದ್ದಿ,” ಅಂದಳು ಮಾದಮ್ಮ. “ಈಗ್ತಾನೆ ಎಂಡದಂಗ್ಡಿ ತಾವ ನೋಡ್ಕಂಡ್ ಬಂದೆ. ಗಟ್ಟಿಯಾಗೇ ಕುಂತವ್ನೆ.”

ಅಟೆಂಡರ್ ಕುಳ್ಳಯ್ಯ ನಕ್ಕುಬಿಟ್ಟು, ಆಮೇಲೆ ಕೆಮ್ಮಿದಂತೆ ಮಾಡಿದ. ಆ ಬೈಗುಳ ಸಲ್ಲಬೇಕಾದ ನಾನು ವಿಧವಾ ವೇತನದ ಅರ್ಜಿ ಹಿಡಿದು ಜಗುಲಿಯ ಮೇಲೆ ಕೂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ.

ನಮ್ಮೂರು ಪಾಂಡವಪುರಕ್ಕೂ ಕೆ.ಆರ್. ಪೇಟೆಗೂ ನಡುವೆ ಬಸ್ಸು ನಿಂತು ನೀರು ಕುಡಿಯುವ ಊರು. ಪಂಚಾಯ್ತಿ ಕಚೇರಿಯ ಕಸ ಗುಡಿಸುವುದು ನಮ್ಮ ಕೇರಿಯ ಮಾದಮ್ಮನ ಕೆಲಸ. ದಿನಗೂಲಿ. ಕಾಯಂ ಮಾಡಿಸುತ್ತೇವೆ ಎಂದ ಕಾರ್ಯದರ್ಶಿಗಳೆಲ್ಲ ತಾವೇ ವರ್ಗವಾಗಿ ಹೋದರು. ಕೂಲಿ ಬಾರದ ಒಂದು ತಿಂಗಳು ಅವರಲ್ಲೊಬ್ಬರು, “ಬಿಸಾಕಿರೋ ಕಾಗ್ದನಾದ್ರೂ ತಗೊಂಡೋಗು, ಸದ್ಯಕ್ಕೆ” ಅಂದಿದ್ದರು. ಆ ಸದ್ಯಕ್ಕೆ ಎಂಬುದೇ ರೂಢಿಯಾಯಿತು. ಮಾದಮ್ಮ ಕಾಗದವನ್ನು ಗುಡಾಣದಲ್ಲಿ ನೆನೆಹಾಕುತ್ತಾಳೆ. ಕೊಳೆತು ಮೆತ್ತಗಾದ ಮೇಲೆ ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟುತ್ತಾಳೆ. ಬೋರಲು ಹಾಕಿದ ಮಡಕೆಯ ಮೇಲೆ ಆ ಹಿಟ್ಟನ್ನು ಮೆತ್ತಿ ಬಿಸಿಲಿಗೆ ಇಟ್ಟರೆ ಬುಟ್ಟಿ. ರಾಗಿ ಹಿಟ್ಟಿಗೆ ಒಂದು, ಅವರೆಕಾಯಿಗೆ ಒಂದು, ಕೋಳಿ ಮರಿ ಮುಚ್ಚಲು ಒಂದು. ಊರಿನ ಯಾವ ಮನೆಯಲ್ಲಿ ನೋಡಿದರೂ ಪಂಚಾಯ್ತಿಯ ಒಂದು ವರ್ಷದ ಪತ್ರವ್ಯವಹಾರ ಅಟ್ಟದ ಮೇಲೆ ಕೂತಿರುತ್ತದೆ. ಅದನ್ನು ಇದುವರೆಗೆ ಯಾರೂ ಕಳವು ಎಂದಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಕಚೇರಿಗಳಲ್ಲಿ ತ್ಯಾಜ್ಯ ತಗ್ಗಿಸಬೇಕು, ಕಾಗದದ ಎರಡೂ ಮಗ್ಗುಲಲ್ಲಿ ಬರೆಯಬೇಕು, ಬಳಸಿದ್ದನ್ನು ಮತ್ತೆ ಬಳಸಬೇಕು. ಸುತ್ತೋಲೆ ಒಂದೇ ಮಗ್ಗುಲಲ್ಲಿ ಅಚ್ಚಾಗಿತ್ತು. ಅದೇ ಸುತ್ತೋಲೆ ಅಂಚೆಯಲ್ಲಿ ಒಮ್ಮೆ ಬಂತು, ಜೀಪಿನಲ್ಲಿ ಒಮ್ಮೆ ಬಂತು, ತಲುಪಿತೇ ಎಂದು ಕೇಳಲು ಇನ್ನೊಮ್ಮೆ ಬಂತು. ಮಹದೇವಸ್ವಾಮಿ ಶ್ರೀರಂಗಪಟ್ಟಣದಿಂದ ಹಸಿರು ಬಣ್ಣದ ಪ್ಲಾಸ್ಟಿಕ್ ಡಬ್ಬಗಳನ್ನು ತರಿಸಿ, ‘ಕಾಗದ ಉಳಿಸಿ’ ಎಂದು ಬರೆಸಿ, ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸಿದ. ಶನಿವಾರ ಮಂಡ್ಯದಿಂದ ಸಾಹೇಬರು ಬಂದು ಡಬ್ಬಗಳನ್ನು ಉದ್ಘಾಟಿಸಿ, ಎಷ್ಟು ಕಾಗದ ಉಳಿದಿದೆ ನೋಡುವವರಿದ್ದರು.

ಡಬ್ಬಗಳಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಮಾದಮ್ಮನ ಮಡಿಲಲ್ಲಿತ್ತು.

“ಇಷ್ಟು ವರ್ಷ ಹೊತ್ಕೊಂಡು ಹೋದ್ಯಲ್ಲ ಮಾದಿ,” ಅಂದ ಮಹದೇವಸ್ವಾಮಿ, “ಅಷ್ಟೂನೂ ವಾಪಸ್ ತಂದು ಶನಿವಾರದೊಳಗೆ ಈ ಡಬ್ಬ ತುಂಬಿಸ್ಬೇಕು. ಸರ್ಕಾರದ ಸ್ವತ್ತು ಅದು. ತುಂಬಲಿಲ್ಲವಾ, ಸೋಮವಾರದಿಂದ ಈ ಕಡೆ ಮುಖ ಹಾಕ್ಬೇಡ. ಬೇರೆಯವ್ರನ್ನ ನೋಡ್ಕೊಂಡಿದ್ದೀನಿ.”

“ವಾಪಸ್ ಅಂದ್ರೆ ಎಂಗ್ ಬುದ್ದಿ?”

“ಹೆಂಗೆ ತಗೊಂಡೋದ್ಯೋ ಹಂಗೆ. ನಿನ್ನ ಕೈಯಿಂದಲೇ.”

ಕುಳ್ಳಯ್ಯ ಉಂಡೆಗಳನ್ನು ಹೆಕ್ಕಿ ಡಬ್ಬಕ್ಕೆ ಹಾಕಿದ. ತಳ ಮುಚ್ಚಲಿಲ್ಲ.

ಕೇರಿಯಲ್ಲಿ ಸಂಜೆ ಅದೇ ಮಾತು. ಮಾದಮ್ಮನಿಗೆ ಆ ಕೂಲಿಯೂ ಬುಟ್ಟಿಗೆ ಸಿಗುವ ರಾಗಿಯೂ ಬಿಟ್ಟರೆ ಬೇರೆ ಇಲ್ಲ. ಗಂಡನ ದುಡಿಮೆ ಹೆಂಡದಂಗಡಿಯ ಹೊಸ್ತಿಲು ದಾಟಿ ಈಚೆಗೆ ಬಂದದ್ದಿಲ್ಲ. ಅವಳು ಒರಳ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಿದ್ದಳು. ಪಕ್ಕದ ಮನೆಯ ಚಲುವಮ್ಮನಿಗೆ ಅವಳಿಗಿಂತ ಹೆಚ್ಚು ಸಿಟ್ಟು ಬಂದಿತ್ತು.

“ಆ ನನ್ ಸವತಿ ಮಗನ್ಗೆ ಬುದ್ದಿ ಐತಾ? ಕುಟ್ಟಿ ಬುಟ್ಟಿ ಮಾಡಿರದ ತಿರ್ಗ ಕಾಗ್ದ ಮಾಡು ಅಂತಾನಲ್ಲ. ಮುದ್ದೆ ಉಂಡ್ಮೇಲೆ ರಾಗಿ ವಾಪಸ್ ಕೊಡು ಅಂದಂಗಾಯ್ತು.”

“ಅದ ಬೇಕಾದ್ರೆ ಬೆಳಿಗ್ಗೆ ಕೊಡಬೌದು,” ಅಂದಳು ಮಾದಮ್ಮ. “ತಗಳಕೆ ಅವ್ನು ರೆಡಿ ಇರ್ಬೇಕಷ್ಟೆ.”

ಕೇರಿ ನಕ್ಕಿತು. ಮಾದಮ್ಮ ನಗಲಿಲ್ಲ. ನನ್ನ ಕಡೆ ತಿರುಗಿದಳು.

“ನೀನು ಓದ್ದೋಳು. ಏಳವ್ವ, ಸರ್ಕಾರದ ಕಾಗ್ದ ಬುಟ್ಟಿ ಆದ್ಮೇಲೆ ಯಾರ್ದು?”

“ಅವನು ಹೇಳೋ ಪ್ರಕಾರ ಇನ್ನೂ ಸರ್ಕಾರದ್ದೇ,” ಅಂದೆ.

“ನನ್ ಕೈಯಿಂದ್ಲೇ ತರ್ಬೇಕು ಅಂದ, ಅಲ್ವಾ?”

“ಅಂದ.”

“ಸರಿ ಕಣ್ ಬುಡು,” ಅಂದು ಎಲೆ ಅಡಿಕೆ ಉಗಿದು ಎದ್ದಳು. “ಆ ಮೊಟ್ಟೆ ಇಡೋ ಬುಟ್ಟಿ ಖಾಲಿ ಮಾಡು ಚಲುವಿ.”

“ಕೋಳಿ ಕಾವಿಗ್ ಕುಂತೈತೆ ಕಣಕ್ಕ.”

“ಕೋಳಿ ಸಮೇತ ತತ್ತಾ. ಅದೂ ಸರ್ಕಾರದ ಮ್ಯಾಲೇ ಕುಂತೈತೆ.”

ಮಾರನೆಯ ದಿನ ಅವಳು ಊರೆಲ್ಲ ಸುತ್ತಿದಳು. ಜೊತೆಗೆ ನಾನೂ ಹೋದೆ. ನನಗೆ ಬೇರೆ ಕೆಲಸವಿರಲಿಲ್ಲ. ಮೇಲಿನ ಬೀದಿಯಲ್ಲಿ ಅವಳು ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. “ಅಮ್ಮಾವ್ರೇ, ಬುಟ್ಟಿ ಕೊಡಿ. ಪಂಚಾಯ್ತಿಯೋರು ಕೇಳ್ತಾವ್ರೆ.” ಪಂಚಾಯ್ತಿ ಎಂದೊಡನೆ ಜನ ಹೆದರಿ, ಒಳಗಿದ್ದದ್ದನ್ನು ಸುರಿದು ಕೊಟ್ಟರು. ಸರ್ಕಾರ ಬುಟ್ಟಿಗಳ ಮೇಲೆ ಹೊಸ ತೆರಿಗೆ ಹಾಕುತ್ತದಂತೆ ಎಂದು ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತ್ತು. ಆಮೇಲೆ ನಾವು ಕೇಳಬೇಕಾಗಲಿಲ್ಲ. ಅವರೇ ತಂದು ಅಂಗಳದಂಚಿಗೆ ಎಸೆದರು, ಕೈಗೆ ಕೈ ತಾಗದ ಹಾಗೆ.

ಕಾರ್ಯದರ್ಶಿಯ ಮನೆಯಲ್ಲಿ ಬಾಗಿಲು ತೆರೆದವಳು ಅವನ ಹೆಂಡತಿ ಪಾರ್ವತಮ್ಮ.

“ಅದು ನಾನು ಪಡಿ ರಾಗಿ ಕೊಟ್ಟು ತಗೊಂಡಿದ್ದು ಕಣೆ ಮಾದಿ.”

“ನಾನೂ ಅಂಗೇ ಅನ್ಕಂಡಿದ್ದೆ ಅಮ್ಮಾವ್ರೇ. ಕದ್ದ ಮಾಲು ಅಂತ ನಿಮ್ ಯಜಮಾನ್ರೇ ನೆನ್ನೆ ಕಂಡಿಡುದ್ರು. ಕದ್ದ ಮಾಲು ಮಡಿಕಂಡೋರ್ಗೂ ಪೋಲೀಸ್ನೋರು ಬತ್ತಾರಂತೆ.”

ಪಾರ್ವತಮ್ಮ ಒಳಗೆ ಹೋದಳು. ರಾಗಿ ಹಿಟ್ಟನ್ನು ನೆಲದ ಮೇಲೆ ಪೇಪರು ಹಾಸಿ ಸುರಿದ ಸದ್ದು ಕೇಳಿತು. ಬುಟ್ಟಿ ಹೊರಗೆ ಬಂತು.

“ಇವತ್ತು ರಾತ್ರಿ ಮುದ್ದೆಗೆ ಹಿಟ್ಟು ಎಲ್ಲಿ ಅಂತ ಕೇಳ್ಲಿ, ಹೇಳ್ತೀನಿ ಅವರ್ಗೆ,” ಅಂದಳು.

ಶುಕ್ರವಾರ ನನ್ನ ಅರ್ಜಿ ಏನಾಯಿತೆಂದು ಕೇಳಲು ಕಚೇರಿಗೆ ಹೋದೆ. ಮಹದೇವಸ್ವಾಮಿಯೂ ಕುಳ್ಳಯ್ಯನೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮಧ್ಯೆ ಹೊಸ ಬಿಳಿ ಹಾಳೆಯ ಕಟ್ಟು. ಒಂದೊಂದೇ ಹಾಳೆ ತೆಗೆದು, ಉಂಡೆ ಮಾಡಿ, ಡಬ್ಬಕ್ಕೆ ಹಾಕುತ್ತಿದ್ದರು. ಮಾದಮ್ಮನನ್ನು ನಂಬಿ ಕೂರುವ ಧೈರ್ಯ ಮಹದೇವಸ್ವಾಮಿಗೂ ಇರಲಿಲ್ಲ.

“ಚೆನ್ನಾಗಿ ಮುದುರೋ, ಬಳಸಿದಂಗೆ ಕಾಣ್ಲಿ,” ಅನ್ನುತ್ತಿದ್ದ. ಕುಳ್ಳಯ್ಯ ಕೆಲವು ಹಾಳೆಗಳ ಮೇಲೆ ಸುಮ್ಮನೆ ಗೀಚಿ ಮುದುರುತ್ತಿದ್ದ.

“ನನ್ನ ಅರ್ಜಿ,” ಅಂದೆ.

“ಇನ್ನೊಂದ್ ಪ್ರತಿ ಬರ್ಕೊಂಡ್ ಬನ್ನಿ. ಹಾಳೆ ನೀವೇ ತರ್ಬೇಕು. ಆಫೀಸಲ್ಲಿ ಹಾಳೆ ಇಲ್ಲ,” ಅಂದ ಕುಳ್ಳಯ್ಯ, ಕೈಯಲ್ಲಿದ್ದದ್ದನ್ನು ಮುದುರುತ್ತಾ.

ಶನಿವಾರ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಹೊರಟೆವು. ನನ್ನ ಮನೆಯಲ್ಲಿ ಒಂದು ಬುಟ್ಟಿ ಇತ್ತು, ಅದರಲ್ಲಿ ತೀರಿಕೊಂಡ ಗಂಡನ ಶರಟುಗಳು. ಶರಟುಗಳನ್ನು ತೆಗೆದು ಚಾಪೆಯ ಮೇಲಿಟ್ಟು ಬುಟ್ಟಿ ಹೊತ್ತೆ. ಮುಂದೆ ಮಾದಮ್ಮ, ತಲೆಯ ಮೇಲೆ ಒಂದರೊಳಗೊಂದು ಸೇರಿಸಿದ ಬುಟ್ಟಿಗಳ ಗೋಪುರ. ಅವಳ ಹಿಂದೆ ಚಲುವಮ್ಮ, ಕೋಳಿ ಸಮೇತ.

ಕಚೇರಿಯ ಮುಂದೆ ಶಾಮಿಯಾನ. ಮಂಡ್ಯದ ಸಾಹೇಬರು ಆಗಲೇ ಬಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೇಸರಿಬಾತು ತಿನ್ನುತ್ತಿದ್ದರು. ತಿಂದವರೆಲ್ಲ ತಟ್ಟೆಗಳನ್ನು ಶಾಮಿಯಾನದ ಹಿಂದಕ್ಕೆ ಎಸೆದಿದ್ದರು. ಮಾದಮ್ಮ ನೇರವಾಗಿ ಜಗುಲಿ ಹತ್ತಿ ಡಬ್ಬಗಳ ಮುಂದೆ ಬಂದು ಗೋಪುರ ಇಳಿಸಿದಳು.

“ತಂದಿವ್ನಿ ಬುದ್ದಿ. ಸರ್ಕಾರದ ಕಾಗ್ದ. ಮ್ಯಾಲಿನ ಬೀದಿದು ಕೆಲವು ಆಮ್ಯಾಕ್ ಬತ್ತವೆ. ತಂದುದ್ಕೆ ಒಂದ್ ಚೀಟಿ ಕೊಟ್ಬುಡಿ, ನಾಳಿಕ್ ನೀವು ತರ್ಲಿಲ್ಲ ಅಂದ್ಬುಟ್ರೆ ನಾನ್ ಎಲ್ಲಿಗ್ ಓಗ್ಲಿ?”

ಮಹದೇವಸ್ವಾಮಿಯ ಮುಖದಲ್ಲಿ ಬಣ್ಣ ಹೋಗಿ ಬಂತು. ಸಾಲು ಮುಂದುವರಿಯಿತು. ಒಬ್ಬೊಬ್ಬಳೂ ಬುಟ್ಟಿ ಇಟ್ಟು, “ನಂದೂ ಬರ್ಕಳಿ” ಅಂದಳು. ಕೋಳಿ ಬುಟ್ಟಿಯಿಂದ ಹಾರಿ ಮೈಕಿನ ಕಂಬದ ಬುಡದಲ್ಲಿ ನಿಂತು ಏನೋ ಹೇಳಿತು. ಮೈಕು ಅದನ್ನು ಬಸ್ ಸ್ಟ್ಯಾಂಡಿನವರೆಗೆ ತಲುಪಿಸಿತು.

ಸಾಹೇಬರು ತಟ್ಟೆ ಬದಿಗಿಟ್ಟು ಜಗುಲಿಗೆ ಬಂದು ಒಂದು ಬುಟ್ಟಿ ಎತ್ತಿ ನೋಡಿದರು. ಬೆರಳಿನಿಂದ ತಟ್ಟಿದರು.

“ಇದು ಕಾಗದದ್ದೇ? ನಿಮ್ಮ ಕಚೇರಿಯ ಕಾಗದ?”

“ಹೌದು ಸರ್,” ಅಂದ ಮಹದೇವಸ್ವಾಮಿ. “ನಮ್ಮದೇ ಯೋಜನೆ ಸರ್. ಸುತ್ತೋಲೆ ಬರೋಕ್ ಮುಂಚೆಯಿಂದ ನಾನು ಇವರಿಗೆಲ್ಲ ಹೇಳಿ ಮಾಡಿಸ್ತಾ ಇದ್ದೆ.”

“ಬಹಳ ಒಳ್ಳೆ ಕೆಲಸ ಸ್ವಾಮಿಯವರೆ. ಜಿಲ್ಲೆಗೇ ಮಾದರಿ.”

ಫೋಟೋದವನು ಬಂದ. ಮಹದೇವಸ್ವಾಮಿ ಒಂದು ಬುಟ್ಟಿಯನ್ನು ಎದೆಗೆ ಅವುಚಿ ಸಾಹೇಬರ ಪಕ್ಕ ನಿಂತ. ಅದು ಅವನ ಮನೆಯದೇ. ಅಂಗಿಯ ಮೇಲೆ ರಾಗಿ ಹಿಟ್ಟು ಉದುರಿತು. ಫೋಟೋ ಆದ ಮೇಲೆ ನಮ್ಮ ಕಡೆ ತಿರುಗಿ, ಹಲ್ಲು ಕಾಣದ ಹಾಗೆ, “ಆಯ್ತಲ್ಲ, ಇಳೀರಿ ಕೆಳಗೆ. ಪೂಜೆ ಇದೆ,” ಅಂದ.

“ಡಬ್ಬುಕ್ ಆಕೋದ್ ಬ್ಯಾಡ್ವಾ ಬುದ್ದಿ?” ಅಂದಳು ಮಾದಮ್ಮ. “ಸೋಮವಾರದ ಮಾತು...”

“ಇಳೀತೀಯೋ ಇಲ್ವೋ.”

ಇಳಿದೆವು. ಹೊಸ ಡಬ್ಬಗಳಿಗೆ ಪೂಜೆ ಮಾಡಲು ದೇವಸ್ಥಾನದ ಅಯ್ನೋರು ಬಂದಿದ್ದರು. “ದೂರ, ದೂರ. ಸ್ವಲ್ಪ ಆಚೆ ನಿಂತ್ಕೊಳ್ರಮ್ಮ, ಮಡೀಲಿದ್ದೀನಿ,” ಎಂದು ಪಂಚೆ ಎತ್ತಿ ಹಿಡಿದು ನಮ್ಮ ನಡುವೆ ಹಾದರು. ನಾವು ಇನ್ನೂ ಹಿಂದಕ್ಕೆ ಸರಿದೆವು. ಅಯ್ನೋರು ಡಬ್ಬಗಳಿಗೆ ಅರಿಶಿನ ಕುಂಕುಮ ಇಟ್ಟು, ಮಂತ್ರ ಶುರು ಮಾಡಿ, ಹೂವಿಗೆ ಕೈ ಹಾಕಿದರು.

ಮಾದಮ್ಮ ಹೂವಿನ ಬುಟ್ಟಿಯನ್ನು ನೋಡಿದಳು.

ನಾನೂ ನೋಡಿದೆ. ಮೇಲೆ ಅರಿಶಿನ ಬಳಿದಿದ್ದರು. ಆದರೆ ಅಂಚಿನಲ್ಲಿ ಸುತ್ತಲೂ ಹೆಬ್ಬೆರಳು ಒತ್ತಿದ ಗುಳಿಗಳು ಹಾಗೇ ಇದ್ದವು. ಹಾಗೆ ಒತ್ತುವವಳು ಊರಿನಲ್ಲಿ ಒಬ್ಬಳೇ. ಸಂತೆಯಲ್ಲಿ ಯಾರೋ ಕೊಂಡು ದೇವರಿಗೆ ಕೊಟ್ಟಿರಬೇಕು.

ಅವಳು ಮೆಟ್ಟಿಲು ಹತ್ತಿದಳು. ಅವಸರವೇನೂ ಇರಲಿಲ್ಲ. ಅಯ್ನೋರ ಮುಂದಿನಿಂದ ಬುಟ್ಟಿ ಎತ್ತಿಕೊಂಡು, ಸೇವಂತಿಗೆಯನ್ನೆಲ್ಲ ಜಗುಲಿಯ ಮೇಲೆ ಸುರಿದಳು.

“ಇದೂ ಸರ್ಕಾರದ್ದೆ,” ಅಂದಳು. “ನಂದೇ ಕೈಯಿ. ನೋಡಿ ಬೇಕಾದ್ರೆ.” ಅಂಚಿನ ಗುಳಿಯಲ್ಲಿ ಹೆಬ್ಬೆರಳು ಇಟ್ಟಳು. ಸರಿಯಾಗಿ ಕೂತಿತು. “ಬೇಕಾದ್ರೆ ಮೂಸಿ, ಮೆಂತ್ಯ ನಾತ ಬತ್ತದೆ. ದಿನಾ ಬೆಳಿಗ್ಗೆ ನಿಮ್ ದೇವ್ರು ಇದ್ರಾಗಿನ್ ಊವ ಮುಡ್ಕಂಡು ಕುಂತಿದ್ನಾ? ಪಾಪ, ಒಂದಿನಾನೂ ಮೈಲ್ಗೆ ಅನ್ಲಿಲ್ವಲ್ಲ ಅವ್ನು.”

ಮಂತ್ರ ನಿಂತಿತು. ಅಯ್ನೋರು ಬುಟ್ಟಿಗಾಗಿ ಕೈ ಚಾಚಿದರು, ಅದು ಯಾರ ಕೈಯಲ್ಲಿದೆ ಎಂದು ನೆನಪಾಗಿ ಅಲ್ಲೇ ತಡೆದರು. ಕೈ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

“ಲೇ ಮಾದಿ, ಇಡು ಅದ. ಇಡು ಅಂದೆ,” ಅಂದ ಮಹದೇವಸ್ವಾಮಿ.

“ಇಡ್ತೀನಿ ಬುದ್ದಿ. ಎಲ್ಲಿ ಇಡ್ಬೇಕು ಅಂತ ನೀವೇ ಏಳಿದ್ರಲ್ಲ.”

ಡಬ್ಬದ ಮುಚ್ಚಳ ತೆಗೆದಳು. ಒಳಗಿನ ಬಿಳಿ ಉಂಡೆಗಳಲ್ಲಿ ಒಂದನ್ನು ಬಿಡಿಸಿ ಎತ್ತಿ ಹಿಡಿದು, ಈ ಮಗ್ಗುಲು ಆ ಮಗ್ಗುಲು ತಿರುಗಿಸಿ ಸಾಹೇಬರಿಗೆ ತೋರಿಸಿದಳು. ಎರಡೂ ಕಡೆ ಏನೂ ಇರಲಿಲ್ಲ. ಅದನ್ನು ನನ್ನ ಕಡೆ ಚಾಚಿದಳು. “ತಗಳವ್ವ, ಅರ್ಜಿ ಬರ್ಕೋ.” ಆಮೇಲೆ ದೇವರ ಬುಟ್ಟಿಯನ್ನು ಡಬ್ಬಕ್ಕೆ ತುರುಕಿದಳು. ಬಾಯಿ ಸಣ್ಣದು, ಹೋಗಲಿಲ್ಲ. ಸೀರೆ ಸ್ವಲ್ಪ ಎತ್ತಿ ಕಾಲಿಟ್ಟು ಒತ್ತಿದಳು. ಲಟಕ್ಕೆಂದು ಮುರಿದು ಒಳಗೆ ಹೋಯಿತು.

“ಡಬ್ಬ ತುಂಬ್ತು ಬುದ್ದಿ,” ಅಂದಳು. “ಸೋಮವಾರ ಬರ್ಲೋ ಬ್ಯಾಡ್ವೋ?”

ಸಾಹೇಬರು ಮಹದೇವಸ್ವಾಮಿಯನ್ನು ನೋಡಿದರು, ಮಹದೇವಸ್ವಾಮಿ ಕುಳ್ಳಯ್ಯನನ್ನು ನೋಡಿದ. ಕುಳ್ಳಯ್ಯ ಕೋಳಿಯನ್ನು ನೋಡುತ್ತಿದ್ದ.

“ಯೋಚ್ನೆ ಮಾಡಿ ಏಳಿ, ಆತ್ರ ಇಲ್ಲ,” ಅಂದು ಮಾದಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತಳು. ಚಲುವಮ್ಮ ಹೋಗಿ ಅವಳ ಪಕ್ಕ ಕೂತಳು. ನಾನು ಕೂತೆ. ಉಳಿದವರು ಜಾಗ ಇದ್ದಲ್ಲೆಲ್ಲ ಕೂತರು. ಮಡಿಯಲ್ಲಿದ್ದ ಅಯ್ನೋರೂ ಸಾಹೇಬರೂ ಜಗುಲಿಯ ಮೇಲಿದ್ದರು, ಮಂಡ್ಯದ ಜೀಪು ಕೆಳಗೆ ರಸ್ತೆಯಲ್ಲಿತ್ತು. ಇಳಿಯುವ ಮೆಟ್ಟಿಲಲ್ಲಿ ಒಂದು ಕಾಲಿಡುವಷ್ಟೂ ಜಾಗ ಉಳಿದಿರಲಿಲ್ಲ.