ಸದ್ದಿಲ್ಲದ ಬುಟ್ಟಿಗಳು

ಫ್ಲ್ಯಾಟುಗಳ ಸೊಸೈಟಿಯ ಗೇಟು ದಾಟಿದೊಡನೆ ರಸ್ತೆಗೆ ಒಂದು ಉಬ್ಬು ಇದೆ. ಎಷ್ಟೇ ನಿಧಾನವಾಗಿ ಹತ್ತಿಸಿದರೂ ಸೈಕಲ್ಲಿನ ಹಿಂದಿನ ಎರಡು ತಂತಿಬುಟ್ಟಿಗಳು ಅಲ್ಲಿ ಝಣಝಣ ಬಡಿದುಕೊಳ್ಳುತ್ತವೆ. ಆ ಸದ್ದು ಎರಡನೆಯ ಮಹಡಿಯವರೆಗೂ ಕೇಳುತ್ತದೆ. ಧಾರಿಣಿ ಸೈಕಲ್ಲಿಗೆ ಬೀಗ ಹಾಕಿ ಬರುವುದರೊಳಗೆ ಮಗಳು ಧನ್ಯಾ ಅರ್ಧ ಮೆಟ್ಟಿಲು ಇಳಿದಿರುತ್ತಾಳೆ.

"ಪಾಪಾ ಆ ಗಯೇ!" ಅಪ್ಪ ಬಂದರೆಂದು, ಉತ್ತರದ ಈ ಊರಿನ ಹಿಂದಿಯಲ್ಲಿ ಕೂಗುತ್ತಾಳೆ.

ತಿರುವಿನಲ್ಲಿ ಅಮ್ಮನ ಮುಖ ಕಂಡಾಗ ಕಾಲು ನಿಲ್ಲುತ್ತದೆ. ಅಳುವುದಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋಗಿಬಿಡುತ್ತಾಳೆ.

ಧಾರಿಣಿಯ ಗಂಡ ಚಂದನ್ ತೀರಿಕೊಂಡದ್ದು ಚಳಿಗಾಲದಲ್ಲಿ, ಆಫೀಸಿನಲ್ಲಿ, ಕುರ್ಚಿಯಲ್ಲಿ ಕೂತ ಹಾಗೆಯೇ. ಈಗ ಪೀತಮ್‌ಪುರದ ಪಾರ್ಕುಗಳಲ್ಲಿ ನೇರಳೆಹಣ್ಣು ಉದುರುವ ಕಾಲ. ಮಗುವಿಗೆ ವಿಷಯ ಹೇಳಿದ್ದಾರೆ. ಯಾರಾದರೂ ಕೇಳಿದರೆ ಅವಳೂ ಅದನ್ನು ಅಚ್ಚುಕಟ್ಟಾಗಿ ಹೇಳುತ್ತಾಳೆ. ಆದರೆ ಬುಟ್ಟಿ ಸದ್ದು ಮಾಡಿದರೆ ಓಡುತ್ತಾಳೆ.

ಬುಟ್ಟಿಗಳು ಅವನ ಹುಚ್ಚು. ಬೇಕಾದಾಗ ಬಿಚ್ಚಬಹುದು, ಬೇಡದಾಗ ಮಡಚಿ ಚಕ್ರದ ಪಕ್ಕಕ್ಕೆ ಒರಗಿಸಬಹುದು. ಒಂದರಲ್ಲಿ ಕಲ್ಲಂಗಡಿ, ಇನ್ನೊಂದರಲ್ಲಿ ಅಕ್ಕಿಚೀಲ ಹೇರಿಕೊಂಡು ಬಂದು, "ಲಾರಿ ಬಂತು, ಇಳಿಸ್ಕೊಳ್ರಪ್ಪಾ!" ಎಂದು ಕೆಳಗಿನಿಂದಲೇ ಕೂಗುತ್ತಿದ್ದ. ಖಾಲಿಯಿದ್ದಾಗ ಅವುಗಳ ಗಲಾಟೆ ಹೆಚ್ಚು. ದಿನಾ ಸಂಜೆ ಮೆಟ್ರೋ ಸ್ಟೇಷನ್ನಿನಿಂದ ಅವನ್ನು ಕುಣಿಸಿಕೊಂಡೇ ಮನೆಗೆ ಬರುತ್ತಿದ್ದ. ಈಗ ಕೆಲಸಕ್ಕೆ ಹೋಗಿ ಬರುವವಳು ಧಾರಿಣಿ. ಅದೇ ಸ್ಟೇಷನ್, ಅದೇ ಹೊತ್ತು, ಅದೇ ಸೈಕಲ್.

"ಗುಜರಿ ಕಬಾಡಿಯವನಿಗೆ ಕೊಟ್ಬಿಡೆ ಆ ಸೈಕಲ್ಲನ್ನ," ಎಂದರು ಅತ್ತೆ ಸುಶೀಲಮ್ಮ. ಮಗ ಹೋದ ಮೇಲೆ ದಾವಣಗೆರೆಗೆ ಮರಳದೆ ಇಲ್ಲೇ ಉಳಿದು ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದರು. "ಅವಳು ಓಡೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

"ಸ್ಟೇಷನ್ನಿಗೆ ಹೆಂಗೆ ಹೋಗ್ಲಿ ಅತ್ತೆ?"

"ಊರಲ್ಲಿ ರಿಕ್ಷಾ ಇಲ್ವೇನೆ? ಏನೋ ನೀನೊಬ್ಬಳೇ ನಡ್ಕೊಂಡು ಹೋಗ್ಬೇಕು ಅನ್ನೋ ಹಾಗೆ ಆಡ್ತೀಯ."

ಸೈಕಲ್ ಕೊಡುವುದು ಧಾರಿಣಿಯಿಂದ ಆಗುವ ಮಾತಲ್ಲ. ಸದ್ದು ನಿಲ್ಲಿಸಬಹುದು. ಸದ್ದು ನಿಂತರೆ ಮಗುವಿನ ಓಟ ನಿಲ್ಲುತ್ತದೆ. ಅಷ್ಟಾದರೆ ಸಾಕು.

ಭಾನುವಾರ ಪಂಕ್ಚರ್ ಅಂಗಡಿಯವನ ಹತ್ತಿರ ಹಳೆಯ ಟ್ಯೂಬು ಕೇಳಿದಳು. ಅವನು ಬುಟ್ಟಿಯನ್ನು ಒಮ್ಮೆ ಅಲುಗಿಸಿ, "ಮ್ಯಾಡಮ್‌ಜೀ, ಯೇ ತೋ ಪೂರಾ ಬ್ಯಾಂಡ್ ಬಾಜಾ ಹೈ!" ಎಂದು ಮದುವೆಯ ವಾದ್ಯಕ್ಕೆ ಹೋಲಿಸಿ ನಕ್ಕ.

"ಟ್ಯೂಬ್ ದೇ ದೋ ಭಯ್ಯಾ," ಎಂದಳು.

ಮೆಟ್ಟಿಲ ಬುಡದಲ್ಲಿ ಕೂತು ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದಳು. ಬುಟ್ಟಿಯ ಕೊಕ್ಕೆಗಳು ಕ್ಯಾರಿಯರಿನ ಸರಳಿನ ಮೇಲೆ ಕೂರುವಲ್ಲಿ ಸುತ್ತಿ ಬಿಗಿದಳು. ಮಡಚಿದಾಗ ತಳ ಬಂದು ಬಡಿಯುವಲ್ಲಿಯೂ ಸುತ್ತಿದಳು. ಅಲುಗಿಸಿ ಕಿವಿಗೊಟ್ಟಳು. ಇನ್ನೂ ಸಣ್ಣದೊಂದು ಕಟಕಟ ಉಳಿದಿತ್ತು. ಬುಟ್ಟಿಯ ಬೆನ್ನು ಚಕ್ರದ ಪಕ್ಕದ ಕಬ್ಬಿಣಕ್ಕೆ ತಾಗುತ್ತಿತ್ತು. ಅಲ್ಲಿಗೆ ದಪ್ಪ ರಬ್ಬರು ಬೇಕು. ಮೇಲೆ ಹೋಗಿ, ಬಾಗಿಲ ಬಳಿಯಿದ್ದ ಚಂದನ್‌ನ ಹವಾಯಿ ಚಪ್ಪಲಿ ತೆಗೆದುಕೊಂಡಳು. ಕತ್ತರಿಗೆ ಬಗ್ಗಲಿಲ್ಲ. ತರಕಾರಿಯ ಚಾಕುವಿನಿಂದ ಕೊಯ್ದಳು.

"ಏನೇ ಅದು?" ಸುಶೀಲಮ್ಮ ಅಡುಗೆಮನೆಯಿಂದ ಬಂದರು. "ಅವನ ಚಪ್ಪಲಿಯೇನೇ?"

"ಹೂಂ."

"ಕಲ್ಲು ಕಣೆ ನೀನು."

ಧಾರಿಣಿ ಚಪ್ಪಲಿ ತಿರುಗಿಸಿ ನೋಡಿದಳು. ಹಿಮ್ಮಡಿಯ ಕಡೆ ಸವೆದು ತೆಳುವಾಗಿತ್ತು. ಬೆರಳ ಕಡೆಯ ತುಂಡನ್ನು ಬಳಸಿದಳು.

ಸೋಮವಾರ ಸಂಜೆ ಉಬ್ಬಿನ ಮೇಲೆ ಟೈರು ಹತ್ತಿ ಇಳಿದದ್ದಷ್ಟೇ ಕೇಳಿಸಿತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮರುದಿನವೂ ಇರಲಿಲ್ಲ. ಧಾರಿಣಿಗೆ ತುಸು ಹಗುರವೆನಿಸಿತು. ಸುಶೀಲಮ್ಮ ಕೂಡ ಅವಳ ಲೋಟಕ್ಕೆ ಚಹಾ ಬಗ್ಗಿಸುತ್ತಾ, "ಒಳ್ಳೇದಾಯ್ತು ಬಿಡು," ಎಂದರು.

ವಾರ ಕಳೆಯುವಷ್ಟರಲ್ಲಿ ಅವರ ದನಿ ಬದಲಾಯಿತು. "ಸ್ಕೂಲಿಂದ ಬಂದೋಳೇ ಬಾಲ್ಕನಿಯಲ್ಲಿ ಕೂರ್ತಾಳೆ. ಊಟಕ್ಕೆ ಕರೆದ್ರೂ ಏಳಲ್ಲ. ನಾನು ಟೀವಿ ಹಾಕಿದ್ರೆ ಬಂದು ಆಫ್ ಮಾಡಿ ಹೋಗ್ತಾಳೆ. ನೀನೇ ನೋಡು ಹೋಗು."

ಧಾರಿಣಿ ಆಲೂಗಡ್ಡೆಯ ಚೀಲ ಕೈಯಲ್ಲಿ ಹಿಡಿದೇ ಬಾಲ್ಕನಿಗೆ ಹೋದಳು. ಧನ್ಯಾ ಬೆತ್ತದ ಮೋಡೆಯ ಮೇಲೆ ಕೂತು, ಕಂಬಿಗಳ ನಡುವೆ ಮುಖ ತೂರಿಸಿ ಗೇಟಿನ ಕಡೆ ನೋಡುತ್ತಿದ್ದಳು.

"ಪುಟ್ಟೀ, ಒಳಗೆ ಬಾ. ಸೊಳ್ಳೆ ಕಚ್ಚತ್ತೆ."

"ಶ್! ಚುಪ್ ಅಮ್ಮಾ. ಆವಾಜ್ ಕೇಳ್ಬೇಕು."

"ಯಾವ ಆವಾಜು?"

ಮಗು ಇಷ್ಟೂ ತಿಳಿಯದವಳೇ ಎಂಬಂತೆ ಅಮ್ಮನತ್ತ ತಿರುಗಿತು. "ನಿನ್ ಸೈಕಲ್ ಈಗ ಆವಾಜ್ ಮಾಡಲ್ಲ ನಾ? ಮೊದ್ಲು ಓಡಿ ಬಂದ್ರೆ ದಿನಾ ನೀನೇ ಇರ್ತಿದ್ದೆ. ಈಗ ಆವಾಜ್ ಬಂದ್ರೆ ಪಾಪಾನೇ. ಪಕ್ಕಾ."

ಧಾರಿಣಿಯ ಬಾಯಿ ತೆರೆಯಿತು. ಧನ್ಯಾ ತನ್ನ ಪುಟ್ಟ ಅಂಗೈಯನ್ನು ಅದರ ಮೇಲಿಟ್ಟು ಮುಚ್ಚಿದಳು.

ಮೊದಲಾದರೆ ದಿನಕ್ಕೊಮ್ಮೆ ಓಡಿ ಬಂದು, ಅಲ್ಲವೆಂದು ತಿಳಿದು, ಆ ದಿನದ ಕಾಯುವಿಕೆ ಮುಗಿಯುತ್ತಿತ್ತು; ಈಗ ಅದಕ್ಕೆ ಕೊನೆಯಿಲ್ಲ.

ಕೆಳಗೆ ಸ್ಕೂಟರೊಂದು ಉಬ್ಬು ಹತ್ತಿ ಇಳಿಯಿತು. ಯಾರದೋ ಕುಕ್ಕರು ಕೂಗಿತು. ಧಾರಿಣಿ ಚೀಲವನ್ನು ನೆಲಕ್ಕಿಡಲು ಬಗ್ಗಿದಳು. ಪ್ಲಾಸ್ಟಿಕ್ ಚರಚರ ಎಂದಿತು. ಮಗು ಹುಬ್ಬು ಗಂಟಿಕ್ಕಿತು. ಅವಳು ಚೀಲವನ್ನು ಮತ್ತೆ ಮೇಲೆತ್ತಿ, ಎರಡೂ ಕೈಯಲ್ಲಿ ಅವುಚಿಕೊಂಡು, ಅಲುಗದೆ ನಿಂತಳು.