ಸತುವಿನ ಎಲೆ

‘ಬೇಡ.’ ಎರಡೇ ಅಕ್ಷರ. ನಾಲಿಗೆಯವರೆಗೆ ಬಂದು ಹಲ್ಲಿನ ಹಿಂದೆ ನಿಂತುಬಿಟ್ಟಿತು.

ಕಿಟಕಿಯ ಆಚೆ ಗಾರೆಯವನು ಕರಣೆ ಹಿಡಿದು ಅವನನ್ನೇ ನೋಡುತ್ತಿದ್ದ.

“ಹೇಳಿ ಸಾರ್. ಮುಚ್ಚಲಾ, ಬಿಡಲಾ?”

“ತಂಗಿ ಏನಂದಳು?”

“ಅಣ್ಣನ್ನ ಕೇಳು ಅಂದ್ರು. ನಿಮ್ಮ ರೂಮಿನ ಕಿಟಕಿ ಅಲ್ವಾ.”

“ಸಂಜೆ ಹೇಳ್ತೀನಿ.”

“ಕಲಸಿದ ಗಾರೆ ಯಾರಿಗೂ ಕಾಯಲ್ಲ ಸಾರ್. ಆಗಲಿ, ಪಕ್ಕದ ಗೋಡೆ ಎಬ್ಬಿಸ್ತಾ ಇರ್ತೀನಿ. ಏನೂ ಹೇಳದಿದ್ರೆ ಸರಿ ಅಂತ್ಲೇ ಲೆಕ್ಕ.”

ಆ ಮನೆ ಮೊದಲು ಒಂದೇ ಕೋಣೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕ ವರ್ಷ ಬಯಲಿನ ನಡುವೆ ಕಟ್ಟಿಸಿದ್ದ. ಒಂದು ಬಾಗಿಲು, ಮೂರು ಕಿಟಕಿ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ತಮ್ಮ ತನ್ನ ಹೆಂಡತಿಯೊಡನೆ ಬಂದ; ಪೂರ್ವದ ಕಿಟಕಿ ಹೋಯಿತು. ದಕ್ಷಿಣದ್ದನ್ನು ಅವರ ಅಡಿಗೆಮನೆ ನುಂಗಿತು. ಗಂಡ ಸತ್ತ ಸೋದರತ್ತೆ ಬಂದಳು. ಅವನ ಬಾಗಿಲು ಅಂದಿನಿಂದ ಅವಳ ಕೋಣೆಗೆ ತೆರೆಯುತ್ತದೆ. ಯಾರೂ ಹೇಳಿ ಬಂದವರಲ್ಲ. ಎಲ್ಲೆಲ್ಲೋ ಅಲೆದು, ಯಾವುದೋ ಸಂಜೆ ಬಂದು ತಾಗಿದರು, ತಾಗಿದವರು ಅಂಟಿದರು. ಅಂಟಿದ್ದಕ್ಕೆ ನಂಟು ಎಂದು ಹೆಸರಾಯಿತು.

ಈಗ ತಂಗಿ, ಅವಳ ಗಂಡ; ಅವರಿಗೊಂದು ಕೋಣೆ.

ಪಶ್ಚಿಮದ ಕಿಟಕಿ ಒಂದು ಉಳಿದಿತ್ತು. ಸಂಜೆ ನಾಲ್ಕೂವರೆಗೆ ಅದರಿಂದ ಮಂಚದ ಮೇಲೆ ಅಂಗೈಯಗಲ ಬಿಸಿಲು ಬೀಳುತ್ತದೆ. ಅವನು ಪಕ್ಕದಲ್ಲಿ ಕೂತು ಅದರಲ್ಲಿ ಕೈ ಇಡುತ್ತಾನೆ. ದಿನವೂ ಅದಕ್ಕಾಗಿಯೇ ಮನೆಗೆ ಬರುವುದು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ, ಇಲ್ಲವೆ ಅಲ್ಲೊಂದು ಕುರ್ಚಿ ತಂದು ಹಾಕುತ್ತಾರೆ.

ಅಂದು ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಗೆ ಸತುವಿನ ದ್ರಾವಣ ಸುರಿದ. ಅಂಚಿಗೆ ಸತುವಿನ ಬಳೆ, ನಡುವೆ ಪೆನ್ಸಿಲ್ ಕಡ್ಡಿಯ ತುಂಡು. ಸ್ವಿಚ್ಚು ಹಾಕಿದ. ತುಸು ಹೊತ್ತಿನಲ್ಲೇ ಕಡ್ಡಿಯ ಸುತ್ತ ಬೂದು ಬಣ್ಣದ ಕೊಂಬೆಗಳು ಹುಟ್ಟಿ, ಕೊಂಬೆಗೆ ಕವಲು, ಕವಲಿಗೆ ಕವಲು ಮೂಡಿ, ನೀರಿನೊಳಗೆ ಸದ್ದಿಲ್ಲದೆ ಎಲೆಯೊಂದು ಹರಡತೊಡಗಿತು. ಮಧ್ಯಾಹ್ನ ಎಂಬುದೇ ಆ ತಟ್ಟೆಯಲ್ಲಿ ನಿಂತಿದೆ ಎನಿಸಿತು.

“ಕರೆಂಟು ಎಳೀತಿದೆಯಾ ಸಾರ್ ಈ ಸತುವಿನ ಕಣಗಳನ್ನ?” ಒಬ್ಬ ವಿದ್ಯಾರ್ಥಿನಿ ಬಗ್ಗಿ ನೋಡಿದಳು.

“ಸ್ವಲ್ಪ. ಮಿಕ್ಕಿದ್ದು ಬರೀ ಅಲೆದಾಟ. ಕಣಕ್ಕೆ ದಿಕ್ಕಿಲ್ಲ. ತಾಗಿದಲ್ಲಿ ಅಂಟುತ್ತೆ.”

“ಮಧ್ಯೆ ಮಧ್ಯೆ ಇಷ್ಟೊಂದು ಜಾಗ ಖಾಲಿ ಬಿಟ್ಟಿದೆಯಲ್ಲ. ಅಲ್ಲಿಗೆ ಯಾಕೆ ಹೋಗಲ್ಲ?”

“ಹೊರಡುತ್ತೆ. ದಾರಿಯಲ್ಲಿ ಹೊರಗಿನ ಕೊಂಬೆಗಳು ಹಿಡ್ಕೊಳ್ಳುತ್ವೆ. ಅವು ಬೆಳೆದಷ್ಟೂ ಒಳಗೆ ತಲುಪೋದು ಕಮ್ಮಿ.”

“ಪಾಪ, ನಟ್ಟನಡುವೆ ಇರೋ ಸತು.”

“ನಡುವೆ ಇರೋದು ಸತು ಅಲ್ಲ. ಪೆನ್ಸಿಲ್ ಕಡ್ಡಿ.”

“ಅಯ್ಯೋ! ಇಷ್ಟೆಲ್ಲ ಸಂಸಾರ ಪೆನ್ಸಿಲ್ ಕಡ್ಡಿಗೆ ಅಂಟ್ಕೊಂಡಿದ್ದಾ?” ಅವಳು ನಕ್ಕು, ರೆಕಾರ್ಡಿನಲ್ಲಿ ಅಂದವಾಗಿ ಎಲೆ ಬರೆದಳು. ಕಡ್ಡಿ ಬರೆಯುವುದನ್ನು ಮರೆತಳು. ಅವನು ತಿದ್ದಲಿಲ್ಲ.

ಎಲೆಯನ್ನೇ ನೋಡುತ್ತ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ: ಬೇಡ. ಕಿಟಕಿ ಮುಚ್ಚುವುದು ಬೇಡ.

“ಟೀ ತರ್ಲಾ ಸಾರ್?” ಜವಾನ ಕೇಳಿದ.

“ಬೇಡ.”

ಎಷ್ಟು ಸಲೀಸಾಗಿ ಬಂತು! ದಿನಕ್ಕೊಂದೇ ಇದ್ದ ‘ಬೇಡ’ ಟೀಗೆ ಅಂಟಿಕೊಂಡು ಹೋದ ಹಾಗೆ ಅನಿಸಿ ಅವನಿಗೆ ದಿಗಿಲಾಯಿತು.

ನಾಲ್ಕು ಗಂಟೆಗೆ ಮನೆ. ಹೊಸ್ತಿಲಲ್ಲೇ ತಮ್ಮನ ಹೆಂಡತಿ.

“ಭಾವ, ಒಳ್ಳೇ ಹೊತ್ತಿಗೆ ಬಂದ್ರಿ. ಈ ಡಬ್ಬದ ಮುಚ್ಚಳ ನನ್ನ ಕೈಲಿ ಜಗ್ಗ್ತಾ ಇಲ್ಲ.”

ಬಿಚ್ಚಿಕೊಟ್ಟ. ಇನ್ನೊಂದು ಡಬ್ಬ ಬಂತು.

ಮುಂದಿನ ಕೋಣೆಯಲ್ಲಿ ಅತ್ತೆ ಕಣ್ಣು ಮುಚ್ಚಿ ಪದ್ಯ ಹೇಳಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ್ದ; ಮೂರು ಪಾದ ಕೇಳಿಸುತ್ತದೆ, ನಾಲ್ಕನೆಯದಕ್ಕೆ ಅವಳ ದನಿ ಇಳಿಯುತ್ತದೆ. ಇವತ್ತು ಹತ್ತಿರವೇ ಇದ್ದ. ನಾಲ್ಕನೆಯದನ್ನು ಕೇಳಲೆಂದು ನಿಂತ. ಅವನ ಬಾಗಿಲು ಮೂರು ಹೆಜ್ಜೆ.

“ಯಾರದು, ಪುಟ್ಟುವೇನೋ?” ಅತ್ತೆ ಪದ್ಯ ಬಿಟ್ಟು ಕಣ್ಣು ತೆರೆದಳು. “ಈ ಸೂಜಿಗೊಂದು ದಾರ ಪೋಣಿಸೋ. ಕಣ್ಣಿದ್ದೂ ಕುರುಡಿ ನಾನು.”

ಪೋಣಿಸುತ್ತಿದ್ದಾಗ ಹೊರಗಿನಿಂದ ತಂಗಿಯ ಕೂಗು: “ಅಣ್ಣಾ, ಬಾರೋ ಇಲ್ಲಿ!”

ಬಂದ ದಾರಿಯಲ್ಲೇ ಹೊರಟ.

ಹೊಸ ಕೋಣೆಗೆ ಚಾವಣಿ ಇರಲಿಲ್ಲ. ಎದುರಿನ ಗೋಡೆ ಇನ್ನೂ ಎದ್ದಿರಲಿಲ್ಲ. ಅವನ ಕಿಟಕಿ ಇದ್ದಲ್ಲಿ ಹಸಿ ಇಟ್ಟಿಗೆ.

“ನಿನಗೆ ಬೇಜಾರಿಲ್ಲ ತಾನೆ?” ತಂಗಿ ಕೇಳಿದಳು. “ಹೇಗಿದ್ರೂ ದೀಪ ಹಾಕ್ಕೊಂಡೇ ಓದ್ತೀಯ.”

“ಹ್ಞೂಂ.”

“ನೀನಿಲ್ಲದಿದ್ರೆ ನಾವೆಲ್ಲ ಎಲ್ಲಿರ್ತಿದ್ವೋ.” ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಇನ್ನೆಲ್ಲಾದರೂ.”

“ನೋಡು, ಯಾವಾಗ್ಲೂ ತಮಾಷೆನೇ ನಿನಗೆ,” ಎಂದು ಬೆನ್ನಿಗೊಂದು ಗುದ್ದಿ ಒಳಗೆ ಹೋದಳು.

“ನೀವೇನೂ ಹೇಳ್ಲಿಲ್ಲ,” ಅಂದ ಗಾರೆಯವನು. “ಆದ್ರೂ ಒಂದು ಇಟ್ಟಿಗೆ ಬಿಟ್ಟಿದೀನಿ. ಹೇಳಿದ್ರೆ ಈಗಲೂ ಬಿಚ್ಚಬಹುದು, ಹಸಿ ಇದೆ.”

ಅವನು ಹಸಿ ಗೋಡೆಗೆ ಅಂಗೈ ಊರಿ ಆ ಸಂದಿನಲ್ಲಿ ಇಣುಕಿದ. ಕತ್ತಲು. ತಲೆ ಪಕ್ಕಕ್ಕೆ ಸರಿಸಿದಾಗ ಕಿವಿಯ ಬದಿಯಿಂದ ಬಿಸಿಲು ಒಳಗೆ ನುಸುಳಿ ಮಂಚದ ಮೇಲೆ ಬಿತ್ತು. ಇಟ್ಟಿಗೆಯಗಲ. ಆ ಬಿಸಿಲಿನಲ್ಲಿ ಒಂದು ಕೈ. ದಿನವೂ ತಾನು ಕೂರುವ ಜಾಗದಲ್ಲೇ ಬೆನ್ನು ಬಾಗಿಸಿ ಯಾರೋ ಕೂತಿದ್ದರು. ತಿರುಗಿಯಾರು ಎಂದು ಕಾದ. ಕರೆಯಬೇಕೆನಿಸಿತು. ಏನೆಂದು ಕರೆಯುವುದು?

“ಒಳಗೆ ಯಾರಾದ್ರೂ ಇದ್ದಾರಾ ಸಾರ್?”

“ಯಾರೂ ಇಲ್ಲ.”

ಇಟ್ಟಿಗೆ ಒಳಸರಿಯಿತು. ಅಂಚಿನಲ್ಲಿ ಉಕ್ಕಿದ ಗಾರೆಯನ್ನು ಕರಣೆ ಒಂದೇ ಸಲ ಒರೆಸಿತು.

“ಕೈ ತೆಗೀರಿ ಸಾರ್. ಅಂಟಿಬಿಡುತ್ತೆ.”

ತೆಗೆಯುತ್ತೇನೆ ಎಂದುಕೊಂಡ; ಕೈ ಅಲ್ಲೇ ಇತ್ತು. ಬೆನ್ನ ಹಿಂದೆ ಸೂರ್ಯ ಇಳಿಯುತ್ತಿದ್ದ. ಗೋಡೆಯ ಮೇಲೆ ಅವನ ನೆರಳು ಅಂಗೈಯಿಂದ ಬೆರಳಾಗಿ, ಬೆರಳಿನಿಂದ ಕವಲಾಗಿ, ಬೂದು ಬಣ್ಣದಲ್ಲಿ ಸದ್ದಿಲ್ಲದೆ ಮೇಲಕ್ಕೆ ಹರಡುತ್ತಿತ್ತು.